ಅಂಟು ಹಿಡಿದ ಕ್ಯಾಮರಾ: ಎಸೆಯುವ ಮುನ್ನ ಒಂದು ಮಾತು

ಕಳೆದ ಶ್ರಾವಣದ ಒಂದು ಭಾನುವಾರ ಸಂಜೆ ವಾಚನಾಲಯದ ಬಾಗಿಲು ತೆಗೆದು ವಾರದ ಪತ್ರಿಕೆಗಳನ್ನು ಮೇಜಿನ ಮೇಲೆ ಹರವುತ್ತಿದ್ದೆವು. ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಓದುವುದಕ್ಕೆ ಬಂದವರು ಮೂವರೋ ನಾಲ್ವರೋ. ಆಗ ನಮ್ಮ ಗಿರಣಿಯ ರಿಂಗ್ ಖಾತೆಯಲ್ಲಿ ದುಡಿಯುವ ಕಲಬುರ್ಗಿ ಕಡೆಯ ಸದಸ್ಯರೊಬ್ಬರು ಕೊಡೆ ಮಡಚಿ ಒಳಗೆ ಬಂದು, ಚೀಲದೊಳಗಿನಿಂದ ಒಂದು ಗಂಟು ತೆಗೆದು ಮುಂದಿಟ್ಟರು. ಬಿಚ್ಚಲು ಹೋದರೆ ಬಟ್ಟೆ ಬಿಡದು. ಒಳಗಿದ್ದ ಕ್ಯಾಮರಾದ ಉದ್ದ ಲೆನ್ಸಿಗೆ ಬಟ್ಟೆ ಅಂಟಿಕೊಂಡುಬಿಟ್ಟಿತ್ತು. ಮುಟ್ಟಿದ ನಮ್ಮ ಬೆರಳಿಗೂ ಡಾಂಬರಿನಂಥ ಕಪ್ಪು ಜಿಗುಟು ಹತ್ತಿತು.

ಈ ಗೆಳೆಯರು ರಜೆಯ ದಿನಗಳಲ್ಲಿ ನಮ್ಮವರ ಮನೆಗಳ ತೊಟ್ಟಿಲು, ಸೀಮಂತ, ಸಣ್ಣಪುಟ್ಟ ಮದುವೆಗಳ ಫೋಟೋ ತೆಗೆಯುತ್ತಾರೆಂಬುದು ಸದಸ್ಯರಲ್ಲಿ ಅನೇಕರಿಗೆ ಗೊತ್ತು. ಅದರಿಂದ ಬರುವ ದುಡ್ಡಿನಲ್ಲಿ ಮಗಳ ಶಾಲೆಯ ಫೀಯ ಬಹುಪಾಲು ಸಾಗುತ್ತದೆ. ಕ್ಯಾಮರಾ ಕೊಂಡದ್ದು ಹಳೆಯದನ್ನು, ಹದಿನಾಲ್ಕು ಸಾವಿರ ಕೊಟ್ಟು. ಊರಲ್ಲಿ ತಾಯಿಗೆ ಕಾಯಿಲೆಯಾಗಿ ಒಂದೂವರೆ ವರ್ಷ ಫೋಟೋ ಕೆಲಸ ನಿಂತುಹೋಗಿ, ಕ್ಯಾಮರಾ ಟ್ರಂಕಿನಲ್ಲಿತ್ತು. ಈಗ ಹದಿನೈದು ದಿನದಲ್ಲಿ ಒಂದು ಮದುವೆ ಒಪ್ಪಿಕೊಂಡು ಸಂಚಕಾರವನ್ನೂ ಪಡೆದಿದ್ದಾರೆ. ತೆಗೆದು ನೋಡಿದರೆ ಈ ಅವಸ್ಥೆ. ಪೇಟೆಯ ಅಂಗಡಿಯವರೊಬ್ಬರಿಗೆ ತೋರಿಸಿದರೆ, "ರಬ್ಬರು ಕರಗಿದೆ, ಒಳಗೂ ಇಳಿದಿರುತ್ತದೆ, ಲೆನ್ಸು ಮುಗಿಯಿತು; ಬೇಕಾದರೆ ಆರು ನೂರಕ್ಕೆ ಬಿಟ್ಟು ಹೋಗಿ" ಎಂದರಂತೆ.

"ಏನ್ರೀ ಕಾರಕೂನರ, ಇದು ಹ್ವಾದಂಗ ಅಂತ ತಿಳೀಬೇಕೇನು?" ಎಂದು ಅವರು ಕೇಳಿದಾಗ ನಾವು ಉತ್ತರ ಹೇಳುವ ಮೊದಲು ಲೆನ್ಸನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆವು. ಗಾಜು ನಿರ್ಮಲ. ಬೂಷ್ಟಿನ ಬಲೆಯಿಲ್ಲ, ಮಂಜಿಲ್ಲ. ಉಂಗುರಗಳು ತಿರುಗುತ್ತಿದ್ದವು. ಕೆಟ್ಟದ್ದು ಮೇಲಿನ ಲೇಪ ಮಾತ್ರ. ಮೈಮೇಲಿನ ಅಂಗಿ ಹರಿದರೆ ಮನುಷ್ಯ ಸತ್ತನೆಂದು ಯಾರೂ ಹೇಳುವುದಿಲ್ಲವಷ್ಟೆ! ಅಂಗಡಿಯವರು ತಿಳಿಯದೆ ಹೇಳಿದರೋ ತಿಳಿದೇ ಹೇಳಿದರೋ ಆ ಮಾತು ಇಲ್ಲಿ ಬೇಡ. ಇಂಥ ಜಿಗುಟು ಬಂದ ಕ್ಯಾಮರಾ, ದುರ್ಬೀನು, ಟಾರ್ಚು, ರೇಡಿಯೋಗಳು ನಮ್ಮ ಸದಸ್ಯರ ಮನೆಗಳಲ್ಲಿ ಇನ್ನೂ ಇರಬಹುದಾದ್ದರಿಂದ, ಇದು ಏಕೆ ಹೀಗಾಗುತ್ತದೆ, ಏನು ಮಾಡಬಹುದು ಎಂಬುದನ್ನು ಬರೆಯುವುದು ಉಚಿತವೆಂದು ತೋರಿತು.

ಮೊದಲು ಒಂದು ಭ್ರಮೆಯನ್ನು ಕಳೆಯಬೇಕು. ಎಲ್ಲರೂ 'ರಬ್ಬರು ಕರಗಿತು' ಎನ್ನುತ್ತಾರೆ. ಆದರೆ ಹೀಗೆ ಅಂಟಾಗುವುದು ಬಹುಮಟ್ಟಿಗೆ ರಬ್ಬರೇ ಅಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ಹೊಡೆದಂತೆ ಹೊಡೆದ ತೆಳು ಲೇಪ ಅದು. ಪಾಲಿಯುರಿಥೇನ್ ಎಂಬ ವಸ್ತುವಿನದು. ಈ ವಸ್ತುವನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಆಟೊ ಬಾಯರ್ ಮತ್ತು ಅವರ ಸಂಗಡಿಗರು 1937ರಲ್ಲಿ ಕಂಡುಹಿಡಿದರು. ಇಂದು ಹಾಸಿಗೆಯ ಫೋಮಿನಿಂದ ಹಿಡಿದು ಬೂಟಿನ ಅಟ್ಟೆಯವರೆಗೆ ಅದು ಇಲ್ಲದ ಜಾಗವಿಲ್ಲ. ಲೇಪವಾಗಿ ಬಳಿದಾಗ ಕೈಗೆ ಮೆತ್ತಗೆ, ನುಣುಪಾದ ತೊಗಲಿನಂತೆ ತೋರುತ್ತದೆ, ಜಾರುವುದಿಲ್ಲ, ಬೆಳಕಿಗೆ ಮಿರುಗುವುದೂ ಇಲ್ಲ. ಅಗ್ಗದ ಪ್ಲಾಸ್ಟಿಕ್ಕಿನ ಸಾಮಾನಿಗೂ ಬೆಲೆಬಾಳುವ ಠೀವಿಯನ್ನು ಕೊಡುತ್ತದೆ. ಆದುದರಿಂದ 1990ರ ದಶಕದಿಂದೀಚೆಗೆ ಕ್ಯಾಮರಾ, ಲೆನ್ಸು, ದುರ್ಬೀನು, ಮೋಟಾರಿನ ಒಳಗಿನ ಗುಂಡಿಗಳು, ಕಂಪ್ಯೂಟರಿನ ಮೌಸು ಎಲ್ಲಕ್ಕೂ ಇದನ್ನು ಬಳಿದರು. 1992ರಲ್ಲಿ ಬಂದ ನಿಕಾನ್ ಎಫ್ 90, ಅದರ ಹಿಂದೆಯೇ 1994ರಲ್ಲಿ ಬಂದ ಎಫ್ 90 ಎಕ್ಸ್ ಎಂಬ ರೀಲು ಕ್ಯಾಮರಾಗಳ ಹಿಂಬಾಗಿಲು ಜಿಗುಟಾಗುವುದು ಹಳೆಯ ಕ್ಯಾಮರಾ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಸಂಗತಿ. ಸಿಗ್ಮಾ ಕಂಪನಿಯ ಹಳೆಯ ಲೆನ್ಸುಗಳ ಮಂಕು ಕಪ್ಪು ಮೇಲ್ಮೈ ಅಂಟಾಗುವ ಬದಲು ಹಪ್ಪಳೆ ಹಪ್ಪಳೆಯಾಗಿ ಉದುರುವುದುಂಟು. ಕೊಳ್ಳುವ ದಿನ ಕೈಗೆ ಹಿತವಾದದ್ದು ಹದಿನೈದು ವರ್ಷದ ಮೇಲೆ ಹೇಗಿರುತ್ತದೆಂಬ ಯೋಚನೆ ಮಾರುವವರಿಗೆ ಇರಲಿಲ್ಲವೆಂದು ನಮಗೆ ಅನಿಸುತ್ತದೆ. ಅದಕ್ಕೂ ಅರ್ಧ ಶತಮಾನ ಹಿಂದಿನ ಲೋಹದ ಲೆನ್ಸುಗಳ ಗೀರುಗೀರಾದ ಉಂಗುರಗಳು ಇಂದಿಗೂ ಹಾಗೆಯೇ ಇವೆ.

ಇದು ಕೆಡುವ ಬಗೆಯನ್ನು ಗಿರಣಿಯವರಿಗೆ ತಿಳಿಸುವುದು ಸುಲಭ. ನೂಲಿಗೆ ಬಲ ಬರುವುದು ಹತ್ತಿಯ ಎಳೆ ಉದ್ದವಾಗಿದ್ದರೆ ತಾನೆ? ಎಳೆ ತುಂಡಾದಷ್ಟೂ ನೂಲು ಪಿಸಿಯುತ್ತದೆ. ಪಾಲಿಯುರಿಥೇನ್ ಕೂಡ ಅಂಥ ಉದ್ದನೆಯ ಸರಪಳಿಗಳ ಹೆಣಿಗೆ. ನಮ್ಮ ಕಣ್ಣಿಗೆ ಕಾಣದಷ್ಟು ಸಣ್ಣ ಸರಪಳಿಗಳು. ಅದರ ಒಂದು ಜಾತಿಯಲ್ಲಿ ಕೊಂಡಿ ಕೊಂಡಿಯ ನಡುವೆ ಎಸ್ಟರ್ ಎಂಬ ಬೆಸುಗೆಯಿರುತ್ತದೆ. ಈ ಬೆಸುಗೆಗೆ ನೀರೇ ವೈರಿ. ಗಾಳಿಯಲ್ಲಿನ ತೇವ ಒಳಗೆ ಸೇರಿ ಬೆಸುಗೆಯನ್ನು ಬಿಡಿಸುತ್ತದೆ. ಬಿಟ್ಟ ಜಾಗದಲ್ಲಿ ಆಮ್ಲ ಹುಟ್ಟುತ್ತದೆ; ಆ ಆಮ್ಲವು ಪಕ್ಕದ ಬೆಸುಗೆಯನ್ನು ಇನ್ನೂ ಬೇಗ ಬಿಡಿಸುತ್ತದೆ. ಹೀಗಾಗಿ ಹತ್ತು ವರ್ಷ ಏನೂ ಆಗದೆ ಇದ್ದ ವಸ್ತು ಒಂದೆರಡು ಮಳೆಗಾಲದಲ್ಲಿ ಗಡಗಡನೆ ಕೆಟ್ಟುಹೋಗುತ್ತದೆ. ಉದ್ದ ಸರಪಳಿಗಳು ತುಂಡುತುಂಡಾದಾಗ ಮೆತ್ತನೆಯ ಲೇಪ ಬೆಲ್ಲದ ಪಾಕದಂತೆ ಜಿಗುಟಾಗುತ್ತದೆ. ಸೆಕೆಯು ಈ ಕೆಲಸದ ವೇಗವನ್ನು ಹೆಚ್ಚಿಸುತ್ತದೆ. ಕೈಯ ಬೆವರು, ತಲೆಯ ಎಣ್ಣೆ, ಸೊಳ್ಳೆಗೆಂದು ಮೈಗೆ ಹಚ್ಚುವ ಮುಲಾಮು ಇವೂ ತಮ್ಮ ಪಾಲಿನ ಕೇಡು ಮಾಡುತ್ತವೆ.

ಮುಂಬಯಿಯ ಜುಲೈ ತಿಂಗಳಲ್ಲಿ ಗಾಳಿಯ ತೇವ ಶೇಕಡಾ 80ನ್ನು ದಾಟುವುದು ಸಾಮಾನ್ಯ. ಚೆನ್ನೈಯವರಿಗೆ ತೇವ, ಸೆಕೆ ಎರಡೂ ವರ್ಷದ ಬಹುಕಾಲ ಒಟ್ಟಿಗೇ ಇರುತ್ತವೆ. ಮುಚ್ಚಿದ ಟ್ರಂಕು, ಅದರೊಳಗೆ ಬಟ್ಟೆಯ ಗಂಟು, ಬೆವರು ಒರೆಸದೆ ಇಟ್ಟ ಕ್ಯಾಮರಾ! ನಮ್ಮ ಗೆಳೆಯರು ಗೊತ್ತಿಲ್ಲದೆ ಕೇಡಿಗೆ ಬೇಕಾದ ಸಲಕರಣೆಯನ್ನೆಲ್ಲ ಒದಗಿಸಿದ್ದರು.

"ಬಳಸಲೇ ಇಲ್ಲವಲ್ಲ, ಹೇಗೆ ಸವೆಯಿತು?" ಎಂದು ಕೇಳುವವರಿಗೆ ಬೂಟಿನ ಅನುಭವವನ್ನು ನೆನಪಿಸುತ್ತೇವೆ. ಮದುವೆಗೆಂದು ಕೊಂಡು, ನಾಲ್ಕು ಸಲ ಮೆಟ್ಟಿ, ಡಬ್ಬಿಯಲ್ಲಿಟ್ಟ ಬೂಟನ್ನು ಐದಾರು ವರ್ಷದ ಮೇಲೆ ಹಾಕಿಕೊಂಡು ಹೊರಟಾಗ ಅಟ್ಟೆ ರಸ್ತೆಯಲ್ಲೇ ಪುಡಿಯಾಗಿ ಉದುರಿದ್ದನ್ನು ಎಷ್ಟು ಜನ ಕಂಡಿಲ್ಲ? ಅದೂ ಪಾಲಿಯುರಿಥೇನೇ, ಅದೇ ರೋಗವೇ. 1970 ಮತ್ತು 80ರ ದಶಕಗಳ ಹಲವು ಧ್ವನಿಮುದ್ರಣದ ಟೇಪುಗಳು ಇಂದು ಯಂತ್ರಕ್ಕೆ ಹಾಕಿದರೆ ಕೀರಲು ದನಿ ಮಾಡಿ ಅಂಟಿಕೊಳ್ಳುವುದಕ್ಕೂ ಇದೇ ಕಾರಣ. ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ಪಾಲಿಯುರಿಥೇನಿನದು. ಈ ವಸ್ತುವಿಗೆ ಸವೆತಕ್ಕಿಂತ ವಯಸ್ಸೇ ದೊಡ್ಡ ಶತ್ರು.

ನಿಜವಾದ ರಬ್ಬರಿನ ಕಥೆ ಬೇರೆ. ಹಿಂದೆ ಅದು ಕೂಡ ಹೀಗೆಯೇ ಇತ್ತು. 1830ರ ದಶಕದಲ್ಲಿ ಅಮೆರಿಕದಲ್ಲಿ ರಬ್ಬರಿನ ಬೂಟು ಅಂಗಿಗಳ ಹುಚ್ಚು ಹಬ್ಬಿ, ಬೇಸಿಗೆ ಬಂದೊಡನೆ ಅವೆಲ್ಲ ಜಿಗುಟು ಮುದ್ದೆಯಾಗಿ, ಕಂಪನಿಗಳೇ ಮುಳುಗಿದವು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬಾತ ಗಂಧಕ ಸೇರಿಸಿ ಕಾಯಿಸಿದರೆ ರಬ್ಬರು ಗಟ್ಟಿ ನಿಲ್ಲುವುದೆಂದು ಕಂಡುಕೊಂಡ ಮೇಲೆಯೇ ಅದಕ್ಕೆ ಬಾಳಿಕೆ ಬಂತು. ಲೆನ್ಸಿನ ಮೇಲೆ ಗೀರುಗೀರಾಗಿ, ಬೆರಳಿಗೆ ಹಿಡಿತ ಸಿಗುವಂತೆ ತೊಡಿಸಿದ ದಪ್ಪ ಪಟ್ಟಿಯಿದೆಯಲ್ಲ, ಅದು ಇಂಥ ರಬ್ಬರು. ಅದು ಸಾಮಾನ್ಯವಾಗಿ ಕರಗುವುದಿಲ್ಲ. ಮೇಲೆ ಬೂದಿ ಬಣ್ಣದ ಪುಡಿ ಏಳಬಹುದು. ಎಣ್ಣೆ ಕುಡಿದು ಹಿಗ್ಗಿ ಸಡಿಲವಾಗಿ ಸುತ್ತಬಹುದು. ಬಹಳ ಹಳೆಯದಾದರೆ ಬಿರಿಯಬಹುದು. ನಮ್ಮ ಗಿರಣಿಯ ಉಗ್ರಾಣದಲ್ಲಿ ರಿಂಗ್ ಯಂತ್ರದ ರೋಲರಿಗೆ ತೊಡಿಸುವ ರಬ್ಬರು ಕಾಟುಗಳ ಲೆಕ್ಕ ಬರೆಯುವವರು ನಾವೇ. ಮೊದಲು ಬಂದ ಪೆಟ್ಟಿಗೆಯನ್ನು ಮೊದಲು ಕೊಡತಕ್ಕದ್ದು, ಬಿಸಿಲು ಬೀಳುವ ಕಡೆ ಇಡಕೂಡದು ಎಂಬ ನಿಯಮ ಅಲ್ಲಿ ಉಂಟು. ರಬ್ಬರಿಗೆ ಕಪಾಟಿನಲ್ಲಿದ್ದರೂ ಮುಪ್ಪು ಬರುತ್ತದೆಂಬುದನ್ನು ನಾವು ಕಲಿತದ್ದು ಆ ರಿಜಿಸ್ಟರಿನಿಂದ.

ಇನ್ನು ಚಿಕಿತ್ಸೆ. ಏನು ಮಾಡಬಾರದೆಂಬುದನ್ನು ಮೊದಲು ಹೇಳುತ್ತೇವೆ, ಏಕೆಂದರೆ ಕೆಡಿಸಿದವರಲ್ಲಿ ನಾವೂ ಒಬ್ಬರು. ಕೆಲವು ವರ್ಷದ ಹಿಂದೆ ನಮ್ಮದೇ ಒಂದು ಫ್ಲಾಶ್ ದೀಪ ಹೀಗೆ ಅಂಟಾಗಿತ್ತು. ಬಣ್ಣದವರ ಹತ್ತಿರ ಉಳಿದಿದ್ದ ಥಿನ್ನರನ್ನು ಬಟ್ಟೆಗೆ ಹಾಕಿ ಉಜ್ಜಿದೆವು. ಅಂಟು ಕ್ಷಣದಲ್ಲಿ ಹೋಯಿತು, ಸಂತೋಷಪಟ್ಟೆವು. ಮತ್ತೆರಡು ಸಲ ಉಜ್ಜುವಷ್ಟರಲ್ಲಿ ಕೆಳಗಿನ ಪ್ಲಾಸ್ಟಿಕ್ಕೇ ಮೇಣದಂತೆ ಕರಗಿ, ನಮ್ಮ ಬೆರಳಿನ ಗುರುತು ಅದರ ಮೇಲೆ ಶಾಶ್ವತವಾಗಿ ಮೂಡಿತು. ಥಿನ್ನರು, ಉಗುರಿನ ಬಣ್ಣ ತೆಗೆಯುವ ಅಸಿಟೋನು, ಪೆಟ್ರೋಲು ಇವು ಮೂರೂ ಕ್ಯಾಮರಾದ ಪ್ಲಾಸ್ಟಿಕ್ಕಿಗೆ ವಿಷ. ಸೀಮೆಎಣ್ಣೆ ರಬ್ಬರನ್ನು ಉಬ್ಬಿಸುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಜಿಗುಟು ಬಿಡುತ್ತದೆಂದು ಒಬ್ಬರು ಸಲಹೆ ಕೊಟ್ಟರು. ಹಲಸಿನ ಹಣ್ಣಿನ ಮೇಣಕ್ಕೆ ಆ ಉಪಾಯ ಸರಿ, ಇಲ್ಲಿ ಅಲ್ಲ. ಎಣ್ಣೆ ಸಂದಿಗಳೊಳಗೆ ಹರಿದು ಗಾಜಿನವರೆಗೆ ಹೋಗಬಹುದು. ಟಾಲ್ಕಂ ಪೌಡರು ಬಳಿದರೆ ಎರಡು ದಿನ ಜಿಗುಟು ಕಾಣದು, ಆಮೇಲೆ ಪುಡಿಯೂ ಅಂಟೂ ಸೇರಿ ಕಣಕವಾಗುತ್ತದೆ. ಅಡಿಗೆ ಸೋಡಾವನ್ನು ನೀರಿನಲ್ಲಿ ಕಲಸಿ ಉಜ್ಜುವ ಪದ್ಧತಿ ಇದೆ. ಟಾರ್ಚಿನ ಹಿಡಿಗೆ ಅದು ನಡೆದೀತು, ತಿರುಗುವ ಉಂಗುರಗಳಿರುವ ಲೆನ್ಸಿಗೆ ಪುಡಿ ಕೂಡದು.

ಒಪ್ಪುವ ದ್ರಾವಣವೆಂದರೆ ಐಸೊಪ್ರೊಪೈಲ್ ಆಲ್ಕೊಹಾಲು. ಮೊಬೈಲು ರಿಪೇರಿಯ ಸಾಮಾನು ಮಾರುವ ಅಂಗಡಿಗಳಲ್ಲಿ 'ಐಪಿಎ' ಎಂದು ಕೇಳಿದರೆ ಕೊಡುತ್ತಾರೆ. ಅದು ಸಿಗದ ಕಡೆ ಬಣ್ಣದಂಗಡಿಯ ಡಿನೇಚರ್ಡ್ ಸ್ಪಿರಿಟ್ಟಿನಿಂದಲೂ ಕೆಲಸವಾಗುತ್ತದೆ, ಆದರೆ ಅದರಲ್ಲಿ ಮಿಥೈಲ್ ಆಲ್ಕೊಹಾಲು ಬೆರೆಸಿರುವುದುಂಟು. ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಮಕ್ಕಳಿರುವ ಒಂದೇ ಕೋಣೆಯ ಮನೆಯಲ್ಲಿ ಅದನ್ನು ಇಡದಿರುವುದೇ ಲೇಸು. ಕೈ ತೊಳೆಯುವ ಸ್ಯಾನಿಟೈಸರ್ ಲೋಳೆ ಬೇಡ, ಅದರಲ್ಲಿ ಬೇರೆ ಪದಾರ್ಥಗಳಿರುತ್ತವೆ. ಯಾವ ಸ್ಪಿರಿಟ್ಟಾದರೂ ಬೆಂಕಿಗೆ ಬಹಳ ಬೇಗ ಹತ್ತುತ್ತದೆಂಬುದನ್ನು ಮರೆಯದೆ, ಒಲೆ ಆರಿಸಿ, ದೇವರ ದೀಪ ಊದಬತ್ತಿ ಇಲ್ಲದ ಕಡೆ, ಕಿಟಕಿ ತೆರೆದು ಕೂರಬೇಕು. ಬೀಡಿ ಸೇದುವ ಗೆಳೆಯರು ಆಮೇಲೆ ಸೇದಲಿ.

ಅಂದು ವಾಚನಾಲಯದ ಜಗುಲಿಯಲ್ಲಿ ನಾವಿಬ್ಬರೂ ಮಾಡಿದ್ದು ಹೀಗೆ. ಲೆನ್ಸನ್ನು ಕ್ಯಾಮರಾದಿಂದ ಬೇರ್ಪಡಿಸಿ ಹಿಂದೆ ಮುಂದೆ ಎರಡೂ ಮುಚ್ಚಳ ಹಾಕಿದೆವು. ಲೆನ್ಸಿನ ಮೇಲೆ ಅಂಕಿಗಳಿರುತ್ತವಲ್ಲ, ದೂರದ ಅಳತೆಯವು; ಅವು ಕೆತ್ತಿ ಬಣ್ಣ ತುಂಬಿದವಾದರೆ ಉಳಿಯುತ್ತವೆ, ಮೇಲೆ ಅಚ್ಚು ಹಾಕಿದವಾದರೆ ಲೇಪದ ಜೊತೆಗೇ ಹೋಗುತ್ತವೆ. ಆದುದರಿಂದ ಮೊದಲು ಮೊಬೈಲಿನಲ್ಲಿ ಎಲ್ಲ ಕಡೆಯಿಂದಲೂ ಒಂದೊಂದು ಚಿತ್ರ ತೆಗೆದಿಟ್ಟುಕೊಂಡೆವು. ಅಂಕಿ ಕಾಣುವ ಪುಟ್ಟ ಪಾರದರ್ಶಕ ಕಿಟಕಿಯ ಮೇಲೆ ಕಾಗದದ ಟೇಪು ಹಚ್ಚಿದೆವು. ಆ ಕಿಟಕಿ ಅಕ್ರಿಲಿಕ್ಕಿನದಾಗಿದ್ದರೆ ಸ್ಪಿರಿಟ್ಟು ತಾಕಿ ಕೂದಲೆಳೆಯಂಥ ಬಿರುಕು ಬರಬಹುದು. ಕ್ಯಾಮರಾ ಹಿಂಬದಿಯ ಪರದೆಗೂ ಇದೇ ಎಚ್ಚರಿಕೆ.

ಒಗೆದು ಒಣಗಿಸಿದ ಹಳೆಯ ಬನಿಯನ್ನಿನ ಚೂರುಗಳೇ ನಮ್ಮ ಬಟ್ಟೆ. ಗಿರಣಿಯ ಹತ್ತಿ ವೇಸ್ಟು ಧಾರಾಳವಾಗಿ ಸಿಗುತ್ತದೆಂದು ಅದನ್ನು ತಂದವರ ಗತಿ ಹೇಳತೀರದು; ಜಿಗುಟಿನ ಮೇಲೆ ಜುಂಗು ಬೆಳೆಯುತ್ತದೆ. ಸ್ಪಿರಿಟ್ಟನ್ನು ಬಟ್ಟೆಗೆ ಹಾಕಬೇಕು, ಲೆನ್ಸಿಗಲ್ಲ. ಹಿಂಡಿದರೆ ಹನಿ ಬೀಳದಷ್ಟು ಮಾತ್ರ. ಹೆಚ್ಚಾದರೆ ಉಂಗುರದ ಸಂದಿಯೊಳಗೆ ಇಳಿದು ಒಳಗಿನ ಗ್ರೀಸನ್ನು ಕರಗಿಸಿ ಗಾಜಿಗೆ ಒಯ್ಯುತ್ತದೆ, ಅಂಗಡಿಯವರು ಹೇಳಿದ ಸುಳ್ಳು ಆಗ ನಿಜವಾಗುತ್ತದೆ! ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಉಜ್ಜಿ ನೋಡಿ, ಕೆಳಗಿನ ಪ್ಲಾಸ್ಟಿಕ್ಕು ಗಟ್ಟಿಯಾಗಿಯೇ ಇದೆಯೆಂದು ಖಾತ್ರಿ ಮಾಡಿಕೊಂಡ ಮೇಲೆ ಮುಂದುವರಿದೆವು.

ಮೊದಲ ಹತ್ತು ನಿಮಿಷ ಧೈರ್ಯಗೆಡುವಂತಿರುತ್ತದೆ. ಇದ್ದ ಜಿಗುಟು ಕಡಿಮೆಯಾಗುವ ಬದಲು ಎಲ್ಲ ಕಡೆ ಹರಡಿ ಇನ್ನೂ ಹೊಲಸಾಗುತ್ತದೆ. ಅಲ್ಲಿಗೇ ಬಿಟ್ಟುಬಿಡುವವರು ಬಹಳ. ಗುಟ್ಟೇನೆಂದರೆ ಬಟ್ಟೆಯ ಚೂರನ್ನು ಮೇಲಿಂದ ಮೇಲೆ ಬದಲಿಸುತ್ತಿರಬೇಕು. ಕಪ್ಪಾದ ಬಟ್ಟೆಯಿಂದ ಉಜ್ಜಿದರೆ ತೆಗೆದ ಅಂಟನ್ನೇ ಮತ್ತೆ ಬಳಿದಂತೆ. ಬಿಡದ ಜಾಗಕ್ಕೆ ಒದ್ದೆ ಬಟ್ಟೆಯನ್ನು ಎರಡು ಮೂರು ನಿಮಿಷ ಸುತ್ತಿಟ್ಟು, ಆಮೇಲೆ ಹಳೆಯ ಬ್ಯಾಂಕ್ ಕಾರ್ಡಿನ ಅಂಚಿನಿಂದ ಮೆಲ್ಲನೆ ತಳ್ಳಿದೆವು. ಬ್ಲೇಡು ಬೇಡ. ಅಕ್ಷರಗಳ ಸುತ್ತಲಿನ ಕೆಲಸಕ್ಕೆ ಕಿವಿಗೆ ಹಾಕುವ ಹತ್ತಿ ಕಡ್ಡಿ ಅನುಕೂಲ. ಲೇಪವನ್ನು ಅರ್ಧ ತೆಗೆದು ಅರ್ಧ ಉಳಿಸುವ ಆಸೆಯನ್ನೂ ಬಿಡಬೇಕು. ಇಂದು ಚೆನ್ನಾಗಿರುವ ಅರ್ಧ ಬರುವ ಮಳೆಗಾಲಕ್ಕೆ ಅಂಟಾಗುತ್ತದೆ. ನಮಗೆ ಹಿಡಿದದ್ದು ಎರಡು ಗಂಟೆಯ ಮೇಲೆ ಸ್ವಲ್ಪ. ಹದಿನೇಳು ಚೂರು ಬಟ್ಟೆ. ನೂರು ಮಿಲಿಲೀಟರಿನ ಸೀಸೆಯಲ್ಲಿ ಅರ್ಧ. ಕೊನೆಗೆ ಹೊರಬಂದದ್ದು ಸ್ವಲ್ಪ ಹೊಳಪಿನ ಗಟ್ಟಿ ಕಪ್ಪು ಪ್ಲಾಸ್ಟಿಕ್ಕು. ಮೊದಲಿನ ಗತ್ತು ಇಲ್ಲ, ಆದರೆ ಅಂಟೂ ಇಲ್ಲ. ಒಂದು ಬದಿಯ ಮೂರು ಅಂಕಿಗಳು ಮಾತ್ರ ನಮ್ಮ ಅವಸರಕ್ಕೆ ಬಲಿಯಾದವು.

ಜೂಮಿನ ಉಂಗುರದ ಮೇಲಿದ್ದ ನಿಜವಾದ ರಬ್ಬರು ಪಟ್ಟಿಗೆ ಸ್ಪಿರಿಟ್ಟು ಮುಟ್ಟಿಸಲಿಲ್ಲ. ಅದರಿಂದ ರಬ್ಬರು ಒಣಗುತ್ತದೆ. ಅಂಚಿನಡಿ ಬಿದಿರಿನ ಹಲ್ಲುಕಡ್ಡಿ ತೂರಿಸಿ ಸುತ್ತಲೂ ಸಡಿಲಿಸಿದಾಗ ಪಟ್ಟಿ ಬಳೆಯಂತೆ ಕಳಚಿ ಬಂತು. ಉಗುರುಬೆಚ್ಚಗಿನ ನೀರು, ತುಸು ಸಾಬೂನು, ಹಳೆಯ ಹಲ್ಲುಜ್ಜುವ ಬ್ರಶ್ಶು ಇಷ್ಟರಿಂದ ಬೂದಿ ಬಣ್ಣ ಹೋಯಿತು. ನೆರಳಿನಲ್ಲಿ ಒಂದು ರಾತ್ರಿ ಪೂರ್ತಿ ಒಣಗಿದ ಮೇಲೆಯೇ ಮತ್ತೆ ತೊಡಿಸಿದ್ದು. ಕೆಲವು ಲೆನ್ಸುಗಳಲ್ಲಿ ಈ ಪಟ್ಟಿಯನ್ನು ಎರಡು ಬದಿಯ ಅಂಟು ಟೇಪಿನಿಂದ ಕೂರಿಸಿರುತ್ತಾರೆ. ಅಂಥದಕ್ಕೆ ಹೊಸ ಟೇಪು ಬೇಕಾಗುತ್ತದೆ.

ಇಲ್ಲಿಯವರೆಗಿನದು ಮನೆಯಲ್ಲಿ ಮಾಡಿಕೊಳ್ಳಬಹುದಾದ್ದು. ಒಳಗಿನ ಕೆಲಸಕ್ಕೆ ಮಾತ್ರ ನಮ್ಮಂಥವರು ಕೈಹಾಕಕೂಡದು. ಹಳೆಯ ರೀಲು ಕ್ಯಾಮರಾಗಳ ಹಿಂಬಾಗಿಲ ಸಂದಿಯಲ್ಲಿ ಬೆಳಕು ತಡೆಯುವ ಫೋಮು ಪಟ್ಟಿ ಇರುತ್ತದೆ. ಅದೂ ಪಾಲಿಯುರಿಥೇನಾದ್ದರಿಂದ ಕಪ್ಪು ಹರಳು ಹರಳಾಗಿ ಉದುರುತ್ತದೆ. 1987ರಲ್ಲಿ ಬಂದ ಕ್ಯಾನನ್ ಇ.ಓ.ಎಸ್. 650 ಮತ್ತು ಅದರ ಸಮಕಾಲೀನ ಕ್ಯಾಮರಾಗಳಲ್ಲಿ ಶಟರಿನ ಬಳಿ ಇರುವ ಒಂದು ಪುಟ್ಟ ಮೆತ್ತೆ ಕರಗಿ ಶಟರಿನ ಎಲೆಗಳಿಗೆ ಅಂಟುತ್ತದೆ. ಆ ಎಲೆಗಳು ಈರುಳ್ಳಿಯ ಪೊರೆಯಷ್ಟು ನಾಜೂಕು. ಅದನ್ನು ಬಲ್ಲ ರಿಪೇರಿಯವರಿಗೇ ಕೊಡಬೇಕು. ಗಾಜಿನೊಳಗೆ ಬಿಳಿ ಬೇರಿನಂಥ ಎಳೆಗಳು ಕಂಡರೆ ಅದು ಬೂಷ್ಟು, ಅದೂ ರಿಪೇರಿಯವರ ಪಾಲು. ಅಂಗಡಿಗೆ ಹೋದಾಗ "ಲೆನ್ಸು ಹೋಗಿದೆ" ಎಂಬ ಒಟ್ಟು ಮಾತನ್ನು ಒಪ್ಪಿಕೊಳ್ಳದೆ, ಗಾಜು ಕೆಟ್ಟಿದೆಯೋ, ಉಂಗುರ ಕೆಟ್ಟಿದೆಯೋ, ಮೇಲಿನ ಲೇಪ ಮಾತ್ರವೋ ಎಂದು ಬೇರೆ ಬೇರೆಯಾಗಿ ಕೇಳಬೇಕು. ಮಾರುವಾಗಲೂ ಅಷ್ಟೆ, ಕೊಳ್ಳುವಾಗಲೂ ಅಷ್ಟೆ. ಅಂಟು ಬಂದದ್ದೆಂಬ ಕಾರಣಕ್ಕೆ ಅಗ್ಗವಾಗಿ ಸಿಕ್ಕಿ, ಗಾಜು ಚೆನ್ನಾಗಿರುವ ಲೆನ್ಸು, ಎರಡು ಗಂಟೆ ಉಜ್ಜಲು ಸಿದ್ಧನಿರುವ ಬಡವನಿಗೆ ಲಾಭದ ವ್ಯಾಪಾರವೇ.

ಇಡುವ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬಳಸಿದ ದಿನವೇ ಒಣ ಬಟ್ಟೆಯಿಂದ ಬೆವರು ಒರೆಸುವುದು; ಬಟ್ಟೆಯ ಗಂಟು, ತೊಗಲಿನ ಚೀಲ, ತಗಡಿನ ಟ್ರಂಕು ಬಿಟ್ಟು, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳೊಂದಿಗೆ ಇಡುವುದು. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿತೆಂದು ಅರ್ಥ. ಬಿಸಿ ಮಾಡಿ ತೇವ ಹೋಗಲಾಡಿಸಿದರೆ ಮತ್ತೆ ನೀಲಿಯಾಗುತ್ತದೆ, ಆದರೆ ಅಡಿಗೆಯ ಪಾತ್ರೆಯಲ್ಲಿ ಅಲ್ಲ. ನೂರು ರೂಪಾಯಿಯೊಳಗಿನ ಈ ಏರ್ಪಾಟು ಬೂಷ್ಟನ್ನೂ ತಡೆಯುತ್ತದೆ, ಲೇಪದ ಆಯುಷ್ಯವನ್ನೂ ಕೆಲವು ವರ್ಷ ಹೆಚ್ಚಿಸುತ್ತದೆ. ಪೂರ್ತಿ ನಿಲ್ಲಿಸುವುದಿಲ್ಲ.

ಮದುವೆಯ ದಿನ ಲೆನ್ಸು ಕೈಯಲ್ಲಿ ಜಾರುತ್ತದೆಂದು ನಮ್ಮ ಗೆಳೆಯರು ಸೈಕಲಿನ ಹಳೆಯ ಟ್ಯೂಬಿನಿಂದ ಎರಡು ಬೆರಳಗಲದ ಬಳೆ ಕತ್ತರಿಸಿ, ಚೆನ್ನಾಗಿ ತೊಳೆದು, ಲೆನ್ಸಿನ ಬುಡಕ್ಕೆ ತೊಡಿಸಿಕೊಂಡು ಹೋದರು. ಚಿತ್ರಗಳು ಸರಿಯಾಗಿ ಬಂದವು. ಸಂಚಕಾರ ಕಳೆದು ಉಳಿದ ಹಣವೂ ಬಂತು. ಉಳಿದ ಅರ್ಧ ಸೀಸೆ ಸ್ಪಿರಿಟ್ಟನ್ನು ಅವರು ವಾಚನಾಲಯಕ್ಕೇ ಕೊಟ್ಟಿದ್ದಾರೆ, ಬೀಗದ ಕಪಾಟಿನಲ್ಲಿದೆ. ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ನಾವು ಇಲ್ಲಿಯೇ ಇರುತ್ತೇವೆ. ಬರುವವರು ತಮ್ಮ ತಮ್ಮ ಹಳೆಯ ಬನಿಯನ್ನು ತಾವೇ ತರತಕ್ಕದ್ದು.